ನಾವು ಶಾಲು ಹೊದಿಸಿದ ಸಂಸದರಿಗೆ

ಮಾನ್ಯ ಸಂಸದರೇ,

ಮಾನ್ಯ ಎನ್ನುವುದನ್ನು ರೂಢಿಗೆ ಬರೆದಿದ್ದೇನೆ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡಿ. ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಈ ದೇಶದ ಅಧ್ಯಕ್ಷರು ಹಾಕಿದ ಒಂದು ಸಹಿಯಿಂದಾಗಿ ನಿಮ್ಮ ಕ್ಷೇತ್ರದ ಒಬ್ಬ ತಂದೆ ತನ್ನ ಮೂರು ತಿಂಗಳ ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ. ಆ ಸಹಿಗೆ ಮುಂಚೆ ಕಾನೂನು ಮಾಡುವ ನಿಮ್ಮ ಸಭೆಯಲ್ಲಿ ಚರ್ಚೆಯಾಗಲಿಲ್ಲ, ಆಮೇಲೂ ಆಗಲಿಲ್ಲ. ನಾಲ್ಕು ತಿಂಗಳಿಂದ ನೀವು ತುಟಿ ಪಿಟಕ್ಕೆಂದಿಲ್ಲ. ಈ ಜೂನ್ ಮೂವತ್ತರೊಳಗೆ ಆತ ಭಾರತದಿಂದ ಇಲ್ಲಿಗೆ ಹಿಂತಿರುಗದಿದ್ದರೆ ಅವನ ಕೆಲಸ ಹೋಗುತ್ತದೆ. ಕೆಲಸದೊಂದಿಗೆ ಅವನ ವೀಸಾ, ಅದನ್ನು ನೆಚ್ಚಿಕೊಂಡಿರುವ ಹೆಂಡತಿಯ ವೀಸಾ ಎರಡೂ ಹೋಗುತ್ತವೆ. ಇಲ್ಲಿಯೇ ಹುಟ್ಟಿ ಈ ದೇಶದ ಪ್ರಜೆಯಾದ ಕೂಸು ತಾಯಿಯ ಕಂಕುಳಲ್ಲಿ ದೇಶ ಬಿಡಬೇಕಾಗುತ್ತದೆ. ಇದು ನನ್ನ ದೂರು.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆಂದು ನಿಮ್ಮ ಕಚೇರಿಯವರು ಹುಬ್ಬೇರಿಸಬಹುದು. ನೀವೇ ಹೇಳಿದ್ದಿರಿ. ಡೆಟ್ರಾಯಿಟ್ ಸುತ್ತಿನ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ, ಹೈಸ್ಕೂಲಿನ ಸಭಾಂಗಣದ ವೇದಿಕೆಯ ಮೇಲೆ ನಿಂತು, ನಿಮ್ಮ ಸುಂದರವಾದ ಭಾಷೆಯಲ್ಲೇ ನನಗೆ ಬರೆಯಿರಿ, ನನ್ನ ಕಚೇರಿಯ ಬಾಗಿಲು ಎಲ್ಲ ಭಾಷೆಗಳಿಗೂ ತೆರೆದಿದೆ ಎಂದಿರಿ. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಇಂಗ್ಲಿಷಿನಲ್ಲಿ ಐದು ಪತ್ರ ಬರೆದು ಸೋತಿದ್ದೇನೆ, ಆದ್ದರಿಂದ ಈಗ ತೆರೆದ ಬಾಗಿಲಲ್ಲಿ ನುಗ್ಗುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಇನ್ನೊಂದು ಕಾರಣವಿದೆ. ಇದನ್ನು ಓದಬೇಕಾದವರಲ್ಲಿ ಆ ಚಪ್ಪಾಳೆ ತಟ್ಟಿದ ಮುನ್ನೂರು ಜನರೂ ಸೇರಿದ್ದಾರೆ.

ನನ್ನ ಪರಿಚಯ ನಿಮಗೆ ನೆನಪಿರಲಾರದು. ಹೆಸರು ಜಯಸಿಂಹ, ಮೈಸೂರಿನವನು, ಇಲ್ಲಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ದಿನವೂ ಹದಿನಾಲ್ಕು ಮೈಲಿ ಡ್ರೈವ್ ಮಾಡಿಕೊಂಡು ಆಬರ್ನ್ ಹಿಲ್ಸ್‌ಗೆ ಹೋಗುತ್ತೇನೆ. ಕಾರುಗಳ ಬ್ರೇಕ್ ಪರೀಕ್ಷಿಸುವುದು ನನ್ನ ಕೆಲಸ. ಬ್ರೇಕಿನ ಪೆಡಲಿನಿಂದ ಚಕ್ರಗಳಿಗೆ ಎರಡು ಪ್ರತ್ಯೇಕ ದಾರಿಗಳಲ್ಲಿ ಒತ್ತಡ ಹೋಗುತ್ತದೆ, ಒಂದು ಸೋರಿದರೆ ಇನ್ನೊಂದು ಗಾಡಿಯನ್ನು ಹಿಡಿಯಬೇಕು. ನಾವು ಬೇಕೆಂದೇ ಒಂದನ್ನು ಕೆಡಿಸಿ ಇನ್ನೊಂದು ಹಿಡಿಯುತ್ತದೆಯೇ ಎಂದು ನೋಡುತ್ತೇವೆ. ನೋಡದೆ ಹಾಳೆಯ ಮೇಲೆ ಸಹಿ ಮಾಡಿದವನನ್ನು ಅಂದೇ ಮನೆಗೆ ಕಳಿಸುತ್ತಾರೆ. ನಿಮ್ಮ ಉದ್ಯೋಗದಲ್ಲಿ ಅಂಥವರನ್ನು ಮರಳಿ ಆರಿಸುತ್ತಾರೆಂದು ಕಾಣುತ್ತದೆ.

ಆ ತಂದೆಯ ಹೆಸರು ಸ್ವರೂಪ. ವಿಜಯಪುರದ ಹುಡುಗ, ನನ್ನ ತಂಡದಲ್ಲಿ ಆರು ವರ್ಷದಿಂದ ಇದ್ದಾನೆ. ಜನವರಿಯಲ್ಲಿ ತಮ್ಮನ ಮದುವೆಗೆಂದು ಊರಿಗೆ ಹೋದ. ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಅವಧಿ ಮುಗಿದಿತ್ತು. ಇಲ್ಲಿ ಇರಲು, ದುಡಿಯಲು ಅನುಮತಿ ಇದೆ, ಆದರೆ ಹೊರಗೆ ಹೋದವನು ಹೊಸ ಮುದ್ರೆ ಒತ್ತಿಸಿಕೊಂಡೇ ಬರಬೇಕು. ಇದಕ್ಕೆ ನಾವು ಸ್ಟ್ಯಾಂಪಿಂಗ್ ಎನ್ನುತ್ತೇವೆ. ನಮ್ಮಲ್ಲಿ ಮದುವೆ, ಮುಂಜಿ, ಸಾವು ಎಲ್ಲವನ್ನೂ ಸ್ಟ್ಯಾಂಪಿಂಗ್ ಜೊತೆ ಹೊಂದಿಸಿಕೊಂಡೇ ಪ್ರಯಾಣ ಮಾಡುವುದು ರೂಢಿ. ಹೆಂಡತಿ ಸ್ಮಿತಾಗೆ ಆಗ ಏಳು ತಿಂಗಳು. ಫೆಬ್ರವರಿ ಹದಿನೆಂಟಕ್ಕೆ ಚೆನ್ನೈನ ವೀಸಾ ಕಚೇರಿಯಲ್ಲಿ ಅವನ ಸರದಿ ಇತ್ತು, ಇಪ್ಪತ್ತೆರಡಕ್ಕೆ ವಾಪಸು ಟಿಕೆಟ್. ಹದಿಮೂರನೇ ತಾರೀಖು ಶುಕ್ರವಾರ ಅಧ್ಯಕ್ಷರಿಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಒದಗಿರುವುದು ಹೊಳೆಯಿತು. ಇಂಥ ವೀಸಾಗಳನ್ನೆಲ್ಲ ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ ಎಂದು ಸಹಿ ಹಾಕಿ, ಪೆನ್ನು ಎತ್ತಿ ಕ್ಯಾಮೆರಾಗಳಿಗೆ ತೋರಿಸಿದರು. ಬ್ರೇಕ್ ಪರೀಕ್ಷಿಸುವ ವಿಜಯಪುರದ ಹುಡುಗನಿಂದ ಈ ಮಹಾನ್ ದೇಶಕ್ಕೆ ಯಾವ ತುರ್ತು ಬಂದೊದಗಿತ್ತೋ ನನಗಂತೂ ಅರ್ಥವಾಗಿಲ್ಲ. ನಿಮಗೆ ಅರ್ಥವಾಗಿದ್ದರೆ ದಯವಿಟ್ಟು ತಿಳಿಸಿ.

ಹನ್ನೊಂದು ವರ್ಷದ ಹಿಂದೆ ನಾನು ಪೌರತ್ವಕ್ಕೆ ಅಪ್ಲೈ ಮಾಡಿದಾಗ ನೂರು ಪ್ರಶ್ನೆಗಳ ಪುಸ್ತಕ ಕೊಟ್ಟಿದ್ದರು. ಐವತ್ತು ದಾಟಿದವನು ಅಡುಗೆಮನೆಯಲ್ಲಿ ಕೂತು ಶಾಲೆಯ ಹುಡುಗನಂತೆ ಉರು ಹೊಡೆದೆ. ಸರ್ಕಾರದ ಒಂದು ಅಂಗ ಮಿತಿಮೀರಿ ಬಲಿಯದಂತೆ ತಡೆಯುವುದು ಯಾವುದು ಎಂಬುದು ಅದರಲ್ಲೊಂದು ಪ್ರಶ್ನೆ. ಒಂದು ಅಂಗ ಇನ್ನೊಂದನ್ನು ತಡೆದು ಹಿಡಿಯುತ್ತದೆ ಎಂಬುದು ಉತ್ತರ. ಅಧಿಕಾರಿ ಕೇಳಿದರು, ಹೇಳಿದೆ, ಪಾಸಾದೆ. ಡೆಟ್ರಾಯಿಟ್‌ನ ನ್ಯಾಯಾಲಯದಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿದೆ. ನೀವು ಇಲ್ಲಿಯೇ ಹುಟ್ಟಿದವರು, ನಿಮ್ಮನ್ನು ಯಾರೂ ಈ ಪ್ರಶ್ನೆ ಕೇಳಲಿಲ್ಲ. ಅದರ ಫಲ ಈಗ ಕಾಣುತ್ತಿದೆ. ಆ ಪುಸ್ತಕದ ಪ್ರತಿ ನನ್ನ ಬಳಿ ಇನ್ನೂ ಇದೆ, ದೊಡ್ಡ ಅಕ್ಷರದಲ್ಲಿದೆ, ಚಿತ್ರಗಳೂ ಇವೆ. ಬೇಕಿದ್ದರೆ ಕಳಿಸಿಕೊಡುತ್ತೇನೆ.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುವ ಭಾಗ. ಇದನ್ನು ಬರೆಯದೆ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಯುಗಾದಿ ಕಾರ್ಯಕ್ರಮದ ಹೊತ್ತಿಗೆ ಸಂಘದ ಅಧ್ಯಕ್ಷ ನಾನೇ. ನೀವು ಬರುತ್ತೀರೆಂದು ತಿಳಿದಾಗ ಕಾರ್ಯಕಾರಿ ಸಮಿತಿ ಮೂರು ಸಲ ಜೂಮ್‌ನಲ್ಲಿ ಸೇರಿತು. ಮೂರೂ ಸಲ ಚರ್ಚೆಯಾದದ್ದು ಪೇಟದ ಅಳತೆ, ಶಾಲಿನ ಬಣ್ಣ, ಹಣ್ಣಿನ ಬುಟ್ಟಿಯನ್ನು ಯಾರು ಹಿಡಿಯಬೇಕು ಎಂಬುದು. ಸಭಿಕರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಬಹುದು ಎಂದು ಘೋಷಿಸಿದ್ದೆವು. ನಾಲ್ಕೇ ಚೀಟಿ ಬಂದವು. ಒಂದು ಯೋಗ ದಿನಾಚರಣೆಯ ಬಗ್ಗೆ, ಒಂದು ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಇಡಿಸುವ ಬಗ್ಗೆ, ಒಂದು ದೇವಸ್ಥಾನದ ಎದುರಿನ ಟ್ರಾಫಿಕ್ ಸಿಗ್ನಲ್ ಬಗ್ಗೆ. ನಾಲ್ಕನೆಯದು ಸ್ಮಿತಾ ಬರೆದದ್ದು. ಹೆರಿಗೆಯಾಗಿ ಮೂರು ವಾರವಾಗಿತ್ತು, ಅವಳು ಬರುವಂತಿರಲಿಲ್ಲ. ಬಾಣಂತನಕ್ಕೆ ಊರಿನಿಂದ ಬಂದಿದ್ದ ಅವಳ ತಾಯಿ ಕಮಲವ್ವನವರು ಪಕ್ಕದ ಮನೆಯವರ ಕಾರಿನಲ್ಲಿ ಬಂದು ಚೀಟಿಯನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿ ಎರಡೇ ಸಾಲು: "ನನ್ನ ಗಂಡನನ್ನು ಹೊರಗೆ ನಿಲ್ಲಿಸಿದ ಆದೇಶವನ್ನು ನಿಮ್ಮ ಸಭೆ ಮತಕ್ಕೆ ಹಾಕುತ್ತದೆಯೇ ಇಲ್ಲವೇ? ನಿಮ್ಮ ಮತ ಯಾವ ಕಡೆ?"

ಮೂರು ಚೀಟಿ ಓದಿದೆ. ನಾಲ್ಕನೆಯದನ್ನು ಜುಬ್ಬಾದ ಜೇಬಿಗೆ ಇಳಿಸಿದೆ. ಮನೆಗೆ ಬಂದ ಅತಿಥಿಗೆ ನಾಲ್ಕು ಜನರೆದುರು ಮುಜುಗರ ಮಾಡಬಾರದು ಎಂಬ ಸಂಸ್ಕಾರ ನನ್ನದು. ನೀವು ಅತಿಥಿಯಲ್ಲ, ಲೆಕ್ಕ ಒಪ್ಪಿಸಬೇಕಾದ ಪ್ರತಿನಿಧಿ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಬದಲಿಗೆ ಮೈಸೂರು ಪೇಟ ತೊಡಿಸಿದೆ, ರೇಷ್ಮೆ ಶಾಲು ಹೊದಿಸಿದೆ. ಹೋಳಿಗೆಯನ್ನು ನೀವು ಪ್ಯಾನ್‌ಕೇಕ್ ಎಂದು ಕರೆದಾಗ ಹಲ್ಲುಗಿಂಜಿ ನಕ್ಕೆ. ಕಾರಿನ ತನಕ ಬಂದು ಚೀಟಿ ಕೊಟ್ಟೆ. ನೀವು ನನ್ನ ಬೆನ್ನು ತಟ್ಟಿ, ನಮ್ಮ ಕಚೇರಿಯವರು ನೋಡಿಕೊಳ್ಳುತ್ತಾರೆ ಎಂದು ಚೀಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಿರಿ. ಜೇಬಿನಿಂದ ಜೇಬಿಗೆ ಹೋದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹತ್ತು ದಿನದ ನಂತರ ನಿಮ್ಮ ಸುದ್ದಿಪತ್ರ ಎಲ್ಲರ ಇಮೇಲ್‌ಗೆ ಬಂತು. ಮೊದಲ ಪುಟದಲ್ಲೇ ಪೇಟ ತೊಟ್ಟ ನೀವು, ಪಕ್ಕದಲ್ಲಿ ಕೈ ಮುಗಿದು ನಿಂತ ನಾನು. ಕೆಳಗೆ ಒಂದು ಸಾಲು: ಗಡಿ ಮತ್ತು ಉದ್ಯೋಗಗಳ ರಕ್ಷಣೆಗೆ ಅಧ್ಯಕ್ಷರು ಕೈಗೊಂಡ ದಿಟ್ಟ ಕ್ರಮಕ್ಕೆ ಭಾರತೀಯ ಸಮುದಾಯದ ಕೃತಜ್ಞತೆ. ಓದಿದಾಗ ನನಗೆ ಮೈ ಉರಿದುಹೋಯಿತು. ನಾವು ಸಂಪ್ರದಾಯಕ್ಕೆ ಹೊದಿಸಿದ ಶಾಲನ್ನು ನೀವು ಒಪ್ಪಿಗೆ ಪತ್ರ ಮಾಡಿಕೊಂಡಿರಿ. ಆದರೆ ಅಷ್ಟು ಸುಲಭವಾಗಿ ಮಾಡಿಕೊಳ್ಳಲು ಬಿಟ್ಟವನು ನಾನು.

ಆ ಭಾನುವಾರ ಸ್ಮಿತಾಳ ಮನೆಗೆ ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು, ಆದರೆ ಬಾಯಿ ತೆರೆಯುವ ಮುಂಚೆ ಕಮಲವ್ವನವರು ಶುರು ಮಾಡಿದರು.

"ಅಣ್ಣಾರ, ಚೀಟಿ ನಿಮ್ಮ ಕೈಯಾಗ ಕೊಟ್ಟಿದ್ದೆ. ಯಾಕ ಓದಲಿಲ್ಲ?"

"ಅವರು ಗೆಸ್ಟ್ ಆಗಿ ಬಂದಿದ್ರು ಕಮಲವ್ವನೋರೆ, ಎಲ್ಲರ ಮುಂದೆ ಬೇಡ ಅಂತ..." ಎಂದೆ.

"ಎಲ್ಲಾರ ಮುಂದ ಕೇಳಾಕ ಅಲ್ಲೇನ್ರೀ ಸಭಾ ಮಾಡೂದು? ನಮ್ಮೂರಾಗ ಎಂಎಲ್ಎ ಬಂದ್ರ ಮೊದಲ ನೀರಿನ ಮಾತ ಕೇಳ್ತೀವಿ, ಆಮ್ಯಾಲ ಚಹಾ ಕೊಡ್ತೀವಿ. ನೀವು ಉಣ್ಣಾಕ ಹಾಕಿದ್ರಿ, ಶಾಲು ಹೊದಿಸಿದ್ರಿ, ಕೈ ಮುಗದು ಕಳಿಸಿದ್ರಿ. ಇಷ್ಟೆಲ್ಲ ಕಲ್ತವ್ರು, ಇದೊಂದು ತಿಳೀಲಿಲ್ಲ?"

ಏಳನೇ ಇಯತ್ತೆ ಓದಿದ ಹೆಂಗಸು ಅವರು. ಆರೇ ವಾಕ್ಯದಲ್ಲಿ ನನ್ನ ಡಿಗ್ರಿಗಳಿಗೆಲ್ಲ ಎಳ್ಳುನೀರು ಬಿಟ್ಟರು. ಮನೆಗೆ ಬಂದು ಹೇಳಿಕೊಂಡರೆ ನನ್ನ ಮಗಳು ಇಂಚರ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಶೀ ಈಸ್ ರೈಟ್, ಅಪ್ಪಾ. ಯೂ ಹ್ಯಾಡ್ ದ ಮೈಕ್," ಎಂದಳು.

ಆಮೇಲೆ ಶುರುವಾಯಿತು ನಿಮ್ಮ ಕಚೇರಿಯ ಸವಾರಿ. ಮೊದಲ ಪತ್ರಕ್ಕೆ, ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ನಿಮಗಿರುವ ಕಾಳಜಿಗೆ ಧನ್ಯವಾದಗಳು ಎಂಬ ಉತ್ತರ. ಎರಡನೆಯದಕ್ಕೆ, ಅಧ್ಯಕ್ಷರ ದಿಟ್ಟ ಕ್ರಮವನ್ನು ಬೆಂಬಲಿಸಿದ್ದಕ್ಕೆ ಧನ್ಯವಾದಗಳು. ಮೂರನೆಯದಕ್ಕೆ ಅದೇ ಮೀನು. ಉಳಿದೆರಡಕ್ಕೆ ಮೀನೂ ಬರಲಿಲ್ಲ. ಫೋನ್ ಮಾಡಿದರೆ ನಿಮ್ಮ ಸಹಾಯಕಿ ಜೇನಿನಂಥ ದನಿಯಲ್ಲಿ, ಇದು ಅಧ್ಯಕ್ಷರ ಕಾರ್ಯವ್ಯಾಪ್ತಿಗೆ ಬರುತ್ತದೆ, ಸಂಸದರು ಮೂಗು ತೂರಿಸಲು ಬಯಸುವುದಿಲ್ಲ, ನ್ಯಾಯಾಲಯಗಳು ತೀರ್ಮಾನಿಸಲಿ ಎಂದರು. ಕಾನೂನು ಮಾಡುವ ಸಭೆ ಸುಮ್ಮನೆ ಕೂತಿದ್ದರೆ ನ್ಯಾಯಾಲಯ ಯಾವುದನ್ನು ಹಿಡಿದು ತೀರ್ಮಾನಿಸಬೇಕು ಎಂದು ಕೇಳಿದೆ. ಒಳ್ಳೆಯ ದಿನವಾಗಲಿ ಎಂದು ಹರಸಿ ಫೋನ್ ಇಟ್ಟರು. ಆ ಟೇಬಲ್‌ಗೆ ಹೋಗಿ, ಈ ಟೇಬಲ್‌ಗೆ ಬನ್ನಿ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎನ್ನುವ ತಾಲ್ಲೂಕು ಕಚೇರಿಗಳನ್ನು ನೋಡಿ ಬೆಳೆದವನು ನಾನು. ಅಲ್ಲಿಯ ಗುಮಾಸ್ತನಿಗೆ ತಾನು ಮಾಡುತ್ತಿರುವುದು ಏನೆಂದಾದರೂ ಗೊತ್ತಿರುತ್ತಿತ್ತು. ನಿಮ್ಮ ಕಚೇರಿಯಲ್ಲಿ ಅದಕ್ಕೆ ಸಂವಿಧಾನದ ಗೌರವ ಎಂಬ ಹೆಸರು ಕೊಟ್ಟಿದ್ದೀರಿ.

ಇದು ನಿಮ್ಮ ಹುಟ್ಟು ಸ್ವಭಾವ ಎಂದು ನಾನು ನಂಬುತ್ತಿದ್ದೆ. ಆದರೆ ನಿಮ್ಮ ಹಳೆಯ ಭಾಷಣಗಳ ವಿಡಿಯೋ ಸಿಕ್ಕಿತು. ಹಿಂದೊಮ್ಮೆ ನಿಮ್ಮ ಎದುರು ಪಕ್ಷದವರು ಅಧ್ಯಕ್ಷರಾಗಿದ್ದಾಗ, ಇದೇ ರೀತಿ ಒಂದು ಆದೇಶ ಹೊರಡಿಸಿದಾಗ, ನೀವು ಸಭೆಯಲ್ಲಿ ಹನ್ನೆರಡು ನಿಮಿಷ ಮೇಜು ಗುದ್ದಿದ್ದೀರಿ. ಈ ದೇಶದಲ್ಲಿ ರಾಜರಿಲ್ಲ ಎಂದು ಮೂರು ಸಲ ಹೇಳಿದ್ದೀರಿ. ಕುತ್ತಿಗೆಯ ನರ ಉಬ್ಬಿರುವುದು ಕಾಣುತ್ತದೆ. ಆ ದನಿ ಎಲ್ಲಿ ಹೋಯಿತು? ಗಂಟಲಿಗೆ ಏನಾದರೂ ಆಯಿತೇ? ರಾಜ ನಮ್ಮ ಮನೆಯವನಾದರೆ ರಾಜತನವೂ ಮುದ್ದಾಗಿ ಕಾಣುತ್ತದೆಯೇ? ಒಂದು ಮಾತು ಖಂಡಿತ: ಈಗ ನೀವು ಗೋಣು ಆಡಿಸಿ ಬಿಟ್ಟುಕೊಡುತ್ತಿರುವ ಅಧಿಕಾರವನ್ನು ನಾಳೆ ಬರುವ ಅಧ್ಯಕ್ಷರು, ಅವರು ಯಾವ ಪಕ್ಷದವರೇ ಆಗಲಿ, ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಆಗ ನೀವು ಎಷ್ಟು ಮೇಜು ಗುದ್ದಿದರೂ ಕೈ ನೋಯುವುದೊಂದೇ ಲಾಭ.

ನಮ್ಮವರ ಬಗ್ಗೆಯೂ ಹೇಳಬೇಕು. ಸುದ್ದಿಪತ್ರದ ವಿಷಯ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎತ್ತಿದಾಗ ನಮ್ಮ ಖಜಾಂಚಿ ವಿಜಯ್ ಕುಮಾರ್ ಫೋನ್ ಮಾಡಿದರು. "ಸರ್, ನಮಗ್ಯಾಕೆ ಈ ಪಾಲಿಟಿಕ್ಸ್? ನಾವೆಲ್ಲ ಲೀಗಲ್ ಆಗಿ ಬಂದೋರು. ಸುಮ್ನೆ ತಲೆ ತಗ್ಗಿಸ್ಕೊಂಡು ಇದ್ರೆ ಇದೂ ಪಾಸಾಗತ್ತೆ. ಸುಮ್ನೆ ಯಾರ ಕಣ್ಣಿಗೂ ಬೀಳೋದು ಬೇಡ," ಎಂದರು. ಸ್ವರೂಪನೂ ಲೀಗಲ್ ಆಗಿಯೇ ಬಂದವನಲ್ಲವೇ ಎಂದೆ. "ಅದು ಅವನ ಬ್ಯಾಡ್ ಲಕ್ ಸರ್," ಎಂದರು. ಅವರನ್ನು ಬೈಯಲು ನನಗೆ ಮುಖವಿರಲಿಲ್ಲ. ಹೋದ ವರ್ಷ ಆಲಿಕಲ್ಲು ಬಿದ್ದು ಒಡೆದ ನನ್ನ ಮನೆಯ ಛಾವಣಿಯನ್ನು ರಿಪೇರಿ ಮಾಡಿದ ಇಬ್ಬರನ್ನು ವಲಸೆ ಅಧಿಕಾರಿಗಳು ಯಾವುದೋ ಪಾರ್ಕಿಂಗ್ ಲಾಟಿನಿಂದ ಹಿಡಿದುಕೊಂಡು ಹೋದರೆಂದು ಅವರ ಮೇಸ್ತ್ರಿ ಹೇಳಿದಾಗ ನಾನು ಅಂದದ್ದು ಇಷ್ಟೇ: ಕಾಗದ ಪತ್ರ ಸರಿ ಇರಲಿಲ್ಲವೇನೋ. ಅವರ ಹೆಸರೂ ನನಗೆ ಗೊತ್ತಿಲ್ಲ.

ತುರ್ತು ಪರಿಸ್ಥಿತಿ ಎಂಬ ಪದ ನನಗೆ ಹೊಸದೇನೂ ಅಲ್ಲ. ಎಪ್ಪತ್ತೈದರಲ್ಲಿ ನನಗೆ ಹನ್ನೊಂದು ವರ್ಷ. ಮೈಸೂರಿನ ನಮ್ಮ ಬೀದಿಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಿದ್ದ ಒಬ್ಬರನ್ನು ಒಂದು ಮಧ್ಯಾಹ್ನ ಜೀಪಿನಲ್ಲಿ ಕರೆದೊಯ್ದರು. ನಮ್ಮ ತಂದೆ ಕಿಟಕಿ ಮುಚ್ಚಿ, ಬಸ್ಸುಗಳು ಈಗ ಹೊತ್ತಿಗೆ ಸರಿಯಾಗಿ ಬರುತ್ತಿವೆ ನೋಡು ಎಂದರು. ಒಳ್ಳೆಯ ಮನುಷ್ಯ ನಮ್ಮ ತಂದೆ, ಆದರೆ ಆ ದಿನ ಹೆದರಿದ್ದರು. ಹೆದರಿಕೆಯನ್ನು ಶಿಸ್ತು ಎಂದು ಕರೆದರು. ನಾನು ಯುಗಾದಿಯ ವೇದಿಕೆಯಲ್ಲಿ ಅದನ್ನೇ ಸಂಸ್ಕಾರ ಎಂದು ಕರೆದೆ. ನೀವು ಅದನ್ನು ಪಕ್ಷನಿಷ್ಠೆ ಎನ್ನುತ್ತೀರಿ. ವ್ಯತ್ಯಾಸವೆಂದರೆ ನಮ್ಮ ತಂದೆಗೆ ಜೈಲಿನ ಭಯವಿತ್ತು. ನಿಮಗಿರುವುದು ಮುಂದಿನ ಚುನಾವಣೆಯಲ್ಲಿ ಟಿಕೆಟ್ ತಪ್ಪೀತೆಂಬ ಭಯ. ಇಷ್ಟು ಸಣ್ಣ ಭಯಕ್ಕೆ ಇಷ್ಟು ದೊಡ್ಡ ದೇಶವನ್ನು ಅಡವಿಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೀಗೆ ತಲೆ ಕೆಟ್ಟು ಕೂತಿದ್ದಾಗ ಬೇರೆ ರಾಜ್ಯದ ನೇಪರ್‌ವಿಲ್‌ನಿಂದ ತಂಗಿ ವಸುಧಾ ಫೋನ್ ಮಾಡಿದಳು. ಅವಳ ಬಡಾವಣೆಯ ಹೆಂಗಸರು ಹದಿನೆಂಟು ಜನ ಒಂದು ಗುಂಪು ಮಾಡಿಕೊಂಡಿದ್ದಾರಂತೆ. ಪ್ರತಿ ಮಂಗಳವಾರ ಲೈಬ್ರರಿಯ ಕೋಣೆಯೊಂದರಲ್ಲಿ ಕೂತು ತಮ್ಮ ಪ್ರತಿನಿಧಿಯ ಕಚೇರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಒಂದೇ ಪ್ರಶ್ನೆ, ಹದಿನೆಂಟು ಸಲ. "ಪತ್ರ ಬರೆದು ಬರೆದು ಕೈ ನೋಯಿಸ್ಕೋಬೇಡ ಕಣೋ ಅಣ್ಣ," ಎಂದಳು. "ಒಬ್ನೇ ಕೇಳಿದ್ರೆ ತಲೆಹರಟೆ ಅಂತಾರೆ. ಹದಿನೆಂಟು ಜನ ಕೇಳಿದ್ರೆ ಹೆಸರು ಬರ್ಕೋತಾರೆ. ಮೂರನೇ ವಾರಕ್ಕೆ ಅವರೇ ಲೈನಿಗೆ ಬಂದ್ರು ಗೊತ್ತಾ?" ನನ್ನ ತಂಗಿ ಇಪ್ಪತ್ತು ವರ್ಷ ಮಕ್ಕಳ ಭರತನಾಟ್ಯ, ಸ್ಪೆಲ್ಲಿಂಗ್ ಸ್ಪರ್ಧೆ ಎಂದು ಕಾರು ಓಡಿಸಿದವಳು. ನನಗಿಂತ ಮುಂಚೆ ನಿಜವಾದ ಪ್ರಜೆಯಾಗಿಬಿಟ್ಟಿದ್ದಾಳೆ.

ಈ ಪತ್ರದಲ್ಲಿ ಸ್ವರೂಪನ, ಸ್ಮಿತಾಳ ಹೆಸರು ಹಾಕಬಾರದೆಂದೇ ನಾನು ತೀರ್ಮಾನಿಸಿದ್ದೆ. ಹೆಸರು ಕಂಡರೆ ಅವನ ಕಡತವನ್ನು ಯಾರಾದರೂ ಬೇಕೆಂದೇ ತಳಕ್ಕೆ ಹಾಕಿಯಾರು ಎಂಬ ಭಯ. ಎಂಥ ದೇಶಕ್ಕೆ ಬಂದು ನಿಂತಿದ್ದೇವೆ ನೋಡಿ. ಕರಡು ತೆಗೆದುಕೊಂಡು ಹೋಗಿ ಸ್ಮಿತಾಗೆ ತೋರಿಸಿದೆ. ಮೂರು ದಿನ ಇಟ್ಟುಕೊಂಡಳು. ಗಂಡನ ಜೊತೆ ಮಾತಾಡಿದಳು. ನಾಲ್ಕನೇ ದಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಹೇಳಿದಳು.

"ಹೆಸರ ಹಾಕ್ರಿ ಅಂಕಲ್. ಚೀಟಿಯೊಳಗ ಹೆಸರ ಬರೀಲಿಲ್ಲ ನಾನು, ಅಂಜಿದ್ದೆ. ಅದಕ್ಕ ಅದು ಯಾರದೂ ಅಲ್ಲದ ಪ್ರಶ್ನೆ ಆತು. ಈ ಸಲ ನನ್ನ ಹೆಸರಿಲೇ ಕೇಳ್ರಿ."

ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಇಲ್ಲಿ ಮತವಿಲ್ಲ, ಕೆಲಸದ ಹಕ್ಕಿಲ್ಲ, ಜುಲೈ ಕೊನೆಗೆ ತಾಯಿಯೂ ವಾಪಸು ಹೋಗಬೇಕು. ಅವಳಿಗೆ ಇಷ್ಟು ಧೈರ್ಯವಿದೆ. ನಿಮಗೆ ಕಚೇರಿ ಇದೆ, ಸಿಬ್ಬಂದಿ ಇದೆ, ಸಂಬಳ ಇದೆ, ಸಭೆಯಲ್ಲಿ ಏನು ಮಾತಾಡಿದರೂ ಯಾರೂ ಕೇಸು ಹಾಕದಂತೆ ಸಂವಿಧಾನದ ರಕ್ಷಣೆ ಇದೆ. ಇಷ್ಟೆಲ್ಲ ಇಟ್ಟುಕೊಂಡು ನೀವು ಹೆದರುವುದು ಯಾರಿಗೆ?

ಈಗ ನನ್ನ ಬೇಡಿಕೆ. ಇಂಥ ಯಾವ ತುರ್ತು ಆದೇಶವೂ ಮೂವತ್ತು ದಿನ ಮೀರಬೇಕಾದರೆ ಸಂಸತ್ತಿನ ಎರಡೂ ಸಭೆಗಳ ಮತ ಬೇಕು ಎನ್ನುವ ಮಸೂದೆಯೊಂದು ನೀವು ಕೂರುವ ಸಮಿತಿಯ ಮುಂದೆ ಏಪ್ರಿಲ್‌ನಿಂದ ಬಿದ್ದಿದೆ. ಅದನ್ನು ಹೊರಗೆ ತನ್ನಿ. ಹೌದು ಎನ್ನಿ ಅಥವಾ ಇಲ್ಲ ಎನ್ನಿ, ನಿಮ್ಮ ಹೆಸರಿನ ಮುಂದೆ ದಾಖಲಾಗುವಂತೆ ಎನ್ನಿ. ಇಲ್ಲ ಎಂದರೂ ನಿಮ್ಮನ್ನು ಈಗಿನಷ್ಟು ತಿರಸ್ಕರಿಸುವುದಿಲ್ಲ. ಇಲ್ಲ ಎನ್ನುವವನ ಹತ್ತಿರ ಜಗಳವಾಡಬಹುದು. ಜೂನ್ ಮೂವತ್ತಕ್ಕೆ ಮುಂಚೆ ಕ್ಷೇತ್ರದಲ್ಲಿ ಒಂದು ಬಹಿರಂಗ ಸಭೆ ಕರೆಯಿರಿ. ಹಾರ, ತುರಾಯಿ, ಊಟ ಯಾವುದೂ ಇರುವುದಿಲ್ಲ. ಕರೆಯದಿದ್ದರೆ ಇಪ್ಪತ್ತನೇ ತಾರೀಖು ಶನಿವಾರ ಬೆಳಿಗ್ಗೆ ಹತ್ತಕ್ಕೆ, ಡೋನಟ್ ಅಂಗಡಿಗೂ ದಂತವೈದ್ಯರಿಗೂ ನಡುವೆ ಇರುವ ನಿಮ್ಮ ಕಚೇರಿಯ ಎದುರಿನ ಫುಟ್‌ಪಾತ್ ಮೇಲೆ ನಾವು ನಿಂತಿರುತ್ತೇವೆ. ಈವರೆಗೆ ಇಪ್ಪತ್ತಾರು ಜನ ಬರುತ್ತೇನೆಂದಿದ್ದಾರೆ. ವಿಜಯ್ ಕುಮಾರ್ ಬರುತ್ತೇನೆ ಎಂದಿಲ್ಲ, ಆದರೆ ಪಾರ್ಕಿಂಗ್ ಎಲ್ಲಿ ಮಾಡಬೇಕು ಎಂದು ಕೇಳಿದ್ದಾರೆ.

ಕೊನೆಯದಾಗಿ ನಿಮ್ಮ ಕ್ಷೇತ್ರದ ಆ ಪುಟ್ಟ ಪ್ರಜೆಯ ವಿಷಯ. ಆಸ್ಪತ್ರೆಯ ಕಾಗದದಲ್ಲಿ ಧೃತಿ ಎಂದು ಬರೆಸಿದ್ದಾರೆ. ಆದರೆ ತಂದೆ ಇಲ್ಲದೆ ತೊಟ್ಟಿಲಿಗೆ ಹಾಕಿ ಹೆಸರಿಡುವುದಿಲ್ಲ ಎಂದು ಕಮಲವ್ವನವರು ಪಟ್ಟು ಹಿಡಿದಿರುವುದರಿಂದ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಕೂಸು ಎನ್ನುತ್ತಾರೆ. ಮೊನ್ನೆ ನಾನು ಹೋಗಿದ್ದಾಗ ಸ್ವರೂಪ ವಿಜಯಪುರದಿಂದ ಫೋನಿನಲ್ಲಿದ್ದ. ಅವನ ದನಿ ಕೇಳಿ ಕೂಸು ತಲೆ ತಿರುಗಿಸಿ ನಕ್ಕಿತು. ಆಮೇಲೆ ನಾನು ಪಕ್ಕದಲ್ಲಿಟ್ಟಿದ್ದ ನನ್ನ ಫೋನ್ ಯಾವುದೋ ಕರೆಗೆ ಗುನುಗಿತು. ಕೂಸು ಅದರ ಕಡೆಗೂ ತಿರುಗಿ, ಅಷ್ಟೇ ಆಸೆಯಿಂದ ನಕ್ಕಿತು. ಸ್ಮಿತಾ ಎದ್ದು ಒಳಗೆ ಹೋದಳು. ಆ ಮಗುವಿಗೆ ಅಪ್ಪ ಎಂದರೆ ಫೋನ್ ಎಂದು ಕಲಿಸಿದ್ದು ಅಧ್ಯಕ್ಷರ ಸಹಿ, ಮತ್ತು ನಿಮ್ಮ ಮೌನ.

ಇಂತಿ,
ವಿಧೇಯ ಎಂದು ಬರೆಯಲು ಇನ್ನು ಕೈ ಬಾರದ,
ಎರಡು ಚುನಾವಣೆಯಲ್ಲೂ ನಿಮಗೇ ಮತ ಹಾಕಿದ
ಜಯಸಿಂಹ